ಐಸ್ ಪ್ಲಾಂಟಿಗೆ ಬಂದ ಸೊನ್ನೆ

ಈ ಸಲ ಮೇ ಕೊನೆಯಲ್ಲಿ ಅಂಕೋಲೆಯಲ್ಲಿ ಬಸ್ಸಿನಿಂದ ಇಳಿದಾಗ ಮೊದಲು ಮೂಗಿಗೆ ಬಂದದ್ದು ಕರಿ ಇಶಾಡ ಮಾವಿನ ಘಮ. ರಸ್ತೆಯ ಬದಿಯಲ್ಲಿ ಹಾಲಕ್ಕಿ ಹೆಂಗಸರು ಬುಟ್ಟಿಗಳನ್ನಿಟ್ಟುಕೊಂಡು ಸಾಲಾಗಿ ಕೂತಿದ್ದರು. ಮಳೆ ಇನ್ನೇನು ಬಂದೇಬಿಡುತ್ತದೆ ಎನ್ನುವ ಹಾಗೆ ಆಕಾಶ ಕಪ್ಪಾಗಿತ್ತು. ಒಂದು ಹಣ್ಣನ್ನು ಎತ್ತಿ ಮೂಸಿದೆ ಅಷ್ಟೇ, ಮೂರು ವರ್ಷದ ಹಿಂದಿನ ಆ ಮಳೆಗಾಲ ಇಡಿಯಾಗಿ ಎದುರು ಬಂದು ನಿಂತಿತು. ಆ ವರ್ಷವೂ ಹೀಗೆಯೇ ಮಾವಿನ ಸುಗ್ಗಿ ಮುಗಿಯುತ್ತಾ ಬಂದಿದ್ದಾಗ ನನ್ನ ಮೇಜಿಗೆ ಆ ಕೆಲಸ ಬಂದಿತ್ತು. ನನ್ನ ಬದುಕಿನಲ್ಲಿ ಅಷ್ಟು ಖುಷಿಯಿಂದ ಆಫೀಸಿಗೆ ಓಡಿದ ದಿನಗಳು ಅದಕ್ಕೆ ಮುಂಚೆ ಇರಲಿಲ್ಲ.

ನಾನಾಗ ಕಾರವಾರದಲ್ಲಿ ಒಂದು ಒಕ್ಕೂಟದ ಆಫೀಸಿನಲ್ಲಿ ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತಿದ್ದೆ. ಮದುವೆಯಾಗಿ ಬಂದ ಮನೆ ಸದಾಶಿವಗಡದಲ್ಲಿ. ದಿನಾ ಸ್ಕೂಟರಿನಲ್ಲಿ ಕಾಳಿ ಸೇತುವೆ ದಾಟಿ ಹೋಗುತ್ತಿದ್ದೆ. ಕರಾವಳಿಯ ಹಳ್ಳಿಗಳ ಸಣ್ಣ ಸಣ್ಣ ಸಹಕಾರ ಸಂಘಗಳೆಲ್ಲ ಸೇರಿ ಆದ ಒಕ್ಕೂಟ ಅದು. ಯಾವುದೇ ಸಂಘ ಹೊಸದಾಗಿ ಏನಾದರೂ ಶುರುಮಾಡಬೇಕೆಂದರೆ, ಎಣ್ಣೆ ಗಾಣವೋ ಮೀನು ಒಣಗಿಸುವ ಶೆಡ್ಡೋ ಏನೇ ಇರಲಿ, ನಮ್ಮಲ್ಲಿಗೆ ಯೋಜನೆ ಬರೆದು ಕಳಿಸಬೇಕಿತ್ತು. ಮಳೆಗಾಲದಲ್ಲಿ ಕಮಿಟಿ ಕೂತು, ಯಾವುದು ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಎಂದು ನೋಡಿ ಕೆಲವಕ್ಕೆ ಮಂಜೂರಿ ಕೊಡುತ್ತಿತ್ತು.

ಆ ನೋಡುವ ಕೆಲಸವನ್ನು ಅಲ್ಲಿಯವರೆಗೆ ಒಂದು ಸ್ಪ್ರೆಡ್‌ಶೀಟ್ ಮಾಡುತ್ತಿತ್ತು. ಒಂದೊಂದು ಯೋಜನೆಗೆ ಒಂದೊಂದು ಹಾಳೆ. ಯಾವ ತಾರೀಖಿಗೆ ಎಷ್ಟು ಖರ್ಚು, ಯಾವ ತಾರೀಖಿಗೆ ಎಷ್ಟು ಆದಾಯ ಎಂದು ತುಂಬಿದರೆ, ಕೊನೆಯಲ್ಲಿ ಹಾಕಿದ ದುಡ್ಡಿಗೆ ವರ್ಷಕ್ಕೆ ಶೇಕಡಾ ಎಷ್ಟು ಗಳಿಕೆ ಎಂದು ಅದು ಹೇಳುತ್ತಿತ್ತು. ಕಮಿಟಿಯವರು ಆ ಒಂದು ಅಂಕಿಯನ್ನೇ ನೋಡುತ್ತಿದ್ದರು. ಆದರೆ ಹಾಳೆಗಳು ನಾಲ್ಕಾರು ಕಂಪ್ಯೂಟರುಗಳಲ್ಲಿ ಚದುರಿಹೋಗಿದ್ದವು. ಒಬ್ಬರು ತಿದ್ದಿದ್ದು ಇನ್ನೊಬ್ಬರಿಗೆ ಗೊತ್ತಾಗುತ್ತಿರಲಿಲ್ಲ.

ನಮ್ಮ ವಿಭಾಗದ ಮುಖ್ಯಸ್ಥರು ನಾಯಕ ಸರ್. ಮೆತ್ತಗೆ ಮಾತಾಡುವ, ಎಲ್ಲದಕ್ಕೂ ಹೆದರುವ ಮನುಷ್ಯ. ಒಂದು ಬೆಳಿಗ್ಗೆ ನನ್ನ ಮೇಜಿನ ಹತ್ತಿರ ಬಂದು ಕುರ್ಚಿ ಎಳೆದುಕೊಂಡು ಕೂತರು.

“ಸುಮಾ, ಈ ಶೀಟಿನ ಕತೆ ಇನ್ನು ಸಾಕು. ಎಲ್ಲಾ ಡೇಟಾಬೇಸಿಗೆ ಹಾಕೂದು. ಒಂದು ಕ್ವೆರಿ ಓಡ್ಸಿದ್ರೆ ಎಲ್ಲಾ ಸಂಘದ ಲೆಕ್ಕವೂ ಒಟ್ಟಿಗೇ ಬರ್ಬೇಕು. ಆಗ್ತದಾ?”

“ಆಗ್ತದೆ ಸರ್” ಎಂದೆ, ಯೋಚನೆ ಮಾಡದೆ.

“ಆದ್ರೆ ಒಂದು. ಹಳೆ ಶೀಟಿನ ಉತ್ರಕ್ಕೂ ನಿನ್ನ ಉತ್ರಕ್ಕೂ ಕೂದಲಷ್ಟೂ ಫರಕು ಇರ್ಬಾರ್ದು. ಮೊದಲು ಹಿಂದಿನ ವರ್ಷದವನ್ನೆಲ್ಲಾ ಹಾಕಿ ತಾಳೆ ನೋಡು. ತಾಳೆ ಆಗದಿದ್ರೆ ಕಮಿಟಿಯವ್ರು ನಂಬೂದಿಲ್ಲ.”

ಕಮಿಟಿ ಕೂರುವುದು ಜುಲೈ ಕೊನೆಗೆ. ದೊಡ್ಡ ಬೋಟುಗಳಿಗೆಲ್ಲ ಸಮುದ್ರ ಬಂದ್ ಇರುವ ಎರಡು ತಿಂಗಳು ಮುಗಿಯುವ ಮೊದಲು. ಅಷ್ಟರೊಳಗೆ ಆಗಬೇಕಿತ್ತು.

ಮೊದಲಿನ ಕೆಲಸ ಸುಲಭವಿತ್ತು. ಸಾಲದ ತಿಂಗಳ ಕಂತು ಲೆಕ್ಕ ಹಾಕುವ ಫಂಕ್ಷನ್ನಿಗೆ ಶಾಲೆಯಲ್ಲಿ ಕಲಿತ ಬೀಜಗಣಿತವೇ ಸಾಕಾಯಿತು. ಸೂತ್ರವನ್ನು ಕ್ವೆರಿಯಲ್ಲಿ, ಅಂದರೆ ಡೇಟಾಬೇಸಿಗೆ ಕೊಡುವ ಆದೇಶದಲ್ಲಿ, ಬರೆದು ಓಡಿಸಿದರೆ ಹಾಳೆಯ ಉತ್ತರವೂ ನನ್ನ ಉತ್ತರವೂ ಅಕ್ಕಪಕ್ಕ ಒಂದೇ ಥರ ಕೂತಿದ್ದವು. ನನ್ನಷ್ಟಕ್ಕೆ ನಗುತ್ತಾ ಮನೆಗೆ ಹೋದೆ. ಸಿಕ್ಕಿಬಿದ್ದದ್ದು ಆ ಗಳಿಕೆಯ ಅಂಕಿಯಲ್ಲಿ. ಎಕ್ಸ್‌ಐಆರ್‌ಆರ್ ಎಂದು ಅದರ ಹೆಸರು. ಶೀಟಿನಲ್ಲಿ ಆ ಹೆಸರು ಟೈಪು ಮಾಡಿ ಆವರಣದೊಳಗೆ ದುಡ್ಡನ್ನೂ ತಾರೀಖನ್ನೂ ತೋರಿಸಿದರೆ ಉತ್ತರ ತಟ್ಟನೆ ಬರುತ್ತದೆ. ನಮ್ಮ ಡೇಟಾಬೇಸಿಗೆ ಕೂಡಿಸಲು, ಕಳೆಯಲು, ಗುಣಿಸಲು, ಭಾಗಿಸಲು ಗೊತ್ತಿತ್ತು. ಆ ಹೆಸರು ಗೊತ್ತಿರಲಿಲ್ಲ. ಸೂತ್ರ ಹುಡುಕೋಣವೆಂದು ಕೂತೆ. ದರವನ್ನು ಒಂದು ಬದಿಗೆ ತರಲು ಎಷ್ಟು ಒದ್ದಾಡಿದರೂ ಅದು ಬರಲಿಲ್ಲ. ಹೊರಗೆ ಮಳೆ ಹಿಡಿಯಿತು. ಒಂದು ವಾರ ಕಾಗದ ತುಂಬ ಗೀಚಿದ್ದೇ ಬಂತು.

ಆಗ ನೆನಪಾದವರು ದೇಸಾಯಿ ಟೀಚರ್. ನನ್ನ ಅಪ್ಪ ಮಲ್ಲಾಪುರದ ಹತ್ತಿರದ ಅಣುವಿದ್ಯುತ್ ಸ್ಥಾವರದಲ್ಲಿ ಫಿಟ್ಟರ್ ಆಗಿದ್ದರು. ನಾನು ಬೆಳೆದದ್ದು ಅಲ್ಲಿನ ಕ್ವಾರ್ಟರ್ಸಿನಲ್ಲಿ, ಓದಿದ್ದು ಅಲ್ಲಿನ ಶಾಲೆಯಲ್ಲಿ. ಹೈಸ್ಕೂಲಿನಲ್ಲಿ ನಮಗೆ ಗಣಿತ ಕಲಿಸಿದವರು ಅವರು. ನಿವೃತ್ತಿಯಾದ ಮೇಲೆ ಶಿರವಾಡದಲ್ಲಿ ತಂಗಿಯ ಜತೆ ಇದ್ದರು. ಒಂದು ಭಾನುವಾರ ರೇನ್‌ಕೋಟು ಹಾಕಿಕೊಂಡು ಅವರ ಮನೆಗೆ ಹೋದೆ. ನನ್ನ ಕಾಗದಗಳನ್ನು ನೋಡಿ ಅವರು ಗಟ್ಟಿಯಾಗಿ ನಕ್ಕರು.

“ಎಂತ ಮಾರಾಯ್ತಿ, ಇದಕ್ಕೆ ಸೂತ್ರ ಹುಡುಕ್ತಾ ಕೂತಿದ್ಯಾ? ಇದಕ್ಕೆ ಸೂತ್ರ ಇಲ್ಲ. ಇದ್ದಿದ್ರೆ ನಾನೇ ನಿಂಗೆ ಬಾಯಿಪಾಠ ಮಾಡಿಸ್ತಿರ್ಲಿಲ್ವಾ?”

“ಹಾಗಾದ್ರೆ ಶೀಟಿಗೆ ಉತ್ತರ ಎಲ್ಲಿಂದ ಬರ್ತದೆ ಟೀಚರ್?”

“ಅದೂ ಊಹೆ ಮಾಡೂದೇ. ಒಂದು ದರ ಹಿಡೀತದೆ. ಆ ದರಕ್ಕೆ ಹೋದ ದುಡ್ಡೂ ಬಂದ ದುಡ್ಡೂ ಸಮ ಆಗ್ತದಾ ನೋಡ್ತದೆ. ಆಗದಿದ್ರೆ ತಿದ್ದಿ ಇನ್ನೊಂದು ದರ ಹಿಡೀತದೆ. ನೀನು ನೋಡೂಕಿಂತ ಮುಂಚೆ ಅದೆಲ್ಲಾ ಮುಗ್ದಿರ್ತದೆ. ಅದ್ಕೇ ನಿಂಗೆ ಅದು ದೊಡ್ಡ ಪಂಡಿತ ಅನ್ನಿಸೂದು.”

ಗೋಡೆಯ ಮೇಲಿದ್ದ ಕ್ಯಾಲೆಂಡರಿನಿಂದ ಕಳೆದ ತಿಂಗಳ ಹಾಳೆ ಹರಿದು, ಹಿಂಬದಿಗೆ ಒಂದು ಗೆರೆ ಎಳೆದರು. ಎಡ ತುದಿಯಲ್ಲಿ ತೀರಾ ಕಡಿಮೆ ದರ, ಬಲ ತುದಿಯಲ್ಲಿ ತೀರಾ ಹೆಚ್ಚಿನ ದರ. ಉತ್ತರ ಇವೆರಡರ ನಡುವೆ ಎಲ್ಲೋ ಇದೆ. ನಡುವಿನದನ್ನು ಹಿಡಿದು ಲೆಕ್ಕ ಹಾಕು. ಕಡಿಮೆಯಾಯಿತಾ, ಎಡದ ಅರ್ಧ ಬಿಟ್ಟುಬಿಡು. ಹೆಚ್ಚಾಯಿತಾ, ಬಲದ ಅರ್ಧ ಬಿಟ್ಟುಬಿಡು. ಉಳಿದದ್ದರ ನಡುವಿನದನ್ನು ಮತ್ತೆ ಹಿಡಿ. ಪೆನ್ನು ಗೆರೆಯ ಮೇಲೆ ಕುಣಿಯುತ್ತಾ ಹೋಯಿತು, ಜಾಗ ಸಣ್ಣದಾಗುತ್ತಾ ಆಗುತ್ತಾ ಕೊನೆಗೆ ಪೆನ್ನಿನ ಮೊನೆಯಷ್ಟಾಯಿತು. ಒಳಗೆ ಚಾ ಉಕ್ಕಿ ಒಲೆ ಆರಿಹೋದದ್ದು ನಮ್ಮಿಬ್ಬರಿಗೂ ಗೊತ್ತಾಗಲಿಲ್ಲ. ಟೀಚರಿನ ತಂಗಿ ಬಂದು ಗ್ಯಾಸ್ ಬಂದ್ ಮಾಡಿ, “ಇವ್ಳಿಗೆ ಗಣಿತ ಸಿಕ್ರೆ ಮನೆ ಸುಟ್ರೂ ಗೊತ್ತಾಗೂದಿಲ್ಲ” ಎಂದು ಗೊಣಗಿದರು.

ಮರುದಿನ ಕಾಳಿ ಸೇತುವೆಯ ಮೇಲೆ ಗಾಳಿ ಸ್ಕೂಟರನ್ನು ಪಕ್ಕಕ್ಕೆ ನೂಕುತ್ತಿದ್ದರೂ ನನ್ನ ತಲೆಯಲ್ಲಿ ಆ ಗೆರೆಯೇ ಇತ್ತು. ಡೇಟಾಬೇಸಿನಲ್ಲಿ ತನ್ನನ್ನು ತಾನೇ ಮತ್ತೆ ಕರೆದುಕೊಳ್ಳುವ ಒಂದು ಬಗೆಯ ಕ್ವೆರಿ ಬರೆಯಬಹುದು. ಒಂದು ಸುತ್ತಿನ ಉತ್ತರವನ್ನು ಮುಂದಿನ ಸುತ್ತಿಗೆ ಕೊಡುತ್ತಾ ಹೋಗುತ್ತದೆ. ಟೀಚರಿನ ಪೆನ್ನು ಮಾಡಿದ್ದೂ ಅದನ್ನೇ. ಬರೆದೆ, ಓಡಿಸಿದೆ. ಎಲ್ಲಿ ನಿಲ್ಲಬೇಕೆಂದು ಹೇಳುವುದನ್ನು ಮರೆತಿದ್ದೆ. ಅದು ಸುತ್ತುತ್ತಲೇ ಹೋಗಿ ಸರ್ವರ್ ಜಾಮ್ ಆಯಿತು. ಕೆಳಗಿನ ಮಹಡಿಯಲ್ಲಿ ರಸೀತಿ ಮಾಡುತ್ತಿದ್ದವರೆಲ್ಲ ಮೆಟ್ಟಿಲು ಹತ್ತಿ ಬಂದು ನನ್ನ ಮೇಜಿನ ಸುತ್ತ ನಿಂತರು. ನಾಯಕ ಸರ್ ಹಣೆ ಒತ್ತಿಕೊಂಡು, “ನಾ ಇದಕ್ಕೇ ಹೆದ್ರೂದು” ಎಂದರು.

ಆಮೇಲೆ ಹುಷಾರಾದೆ. ಸುತ್ತಿಗೆ ಮಿತಿ ಹಾಕಿದೆ. ತಾರೀಖುಗಳ ನಡುವಿನ ದಿನಗಳನ್ನು ಹಾಳೆ ಎಣಿಸುವ ಹಾಗೆಯೇ ಎಣಿಸಲು ಕಲಿಸಿದೆ. ಜೂನ್ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ, ಎಲ್ಲರೂ ಊಟಕ್ಕೆ ಹೋಗಿದ್ದಾಗ, ಹಿಂದಿನ ವರ್ಷದ ಎಲ್ಲ ಯೋಜನೆಗಳ ಮೇಲೂ ಒಟ್ಟಿಗೆ ಓಡಿಸಿದೆ. ಡಬ್ಬಿಯ ಮುಚ್ಚಳ ತೆಗೆದಿದ್ದೆ, ತುತ್ತು ಬಾಯಿಗೆ ಹೋಗಿರಲಿಲ್ಲ. ಪರದೆ ತುಂಬ ಉತ್ತರಗಳು ಬಂದು ಬಿದ್ದವು. ಎಣ್ಣೆ ಗಾಣ, ಒಣಮೀನಿನ ಶೆಡ್, ಹೊಲಿಗೆ ಘಟಕ, ಎಲ್ಲವೂ ಒಂದೇ ಬೀಸಿಗೆ. ಹಾಳೆಗಳ ಉತ್ತರವನ್ನು ಪಕ್ಕದಲ್ಲಿಟ್ಟು ನೋಡುತ್ತಾ ಕೆಳಗಿಳಿದೆ. ಸರಿ, ಸರಿ, ಸರಿ. ಎದ್ದು ಕಿಟಕಿಯವರೆಗೆ ಹೋಗಿ ಬಂದೆ. ಕೂತಿರಲು ಆಗುತ್ತಿರಲಿಲ್ಲ. ಟೀಚರಿಗೆ ಫೋನು ಮಾಡಿ “ಬಂತು ಟೀಚರ್, ಎಲ್ಲ ಬಂತು” ಎಂದೆ. ಆ ಕಡೆಯಿಂದ ಅವರು ತಂಗಿಯನ್ನು ಕೂಗಿ ಕರೆದು ಹೇಳುವುದು ಕೇಳಿಸಿತು.

ಎಲ್ಲ ಬಂದಿರಲಿಲ್ಲ. ಫೋನಿಟ್ಟು ಮತ್ತೆ ಕೂತಾಗ, ಪಟ್ಟಿಯ ಕೆಳಗೆ ಒಂದು ಸಾಲು ತಾಳೆಯಾಗದೆ ಉಳಿದಿತ್ತು. ಅಂಕೋಲೆ ಕಡೆಯ ಮೀನು ಮಾರುವ ಹೆಂಗಸರ ಸಂಘ, ಐಸ್ ಪ್ಲಾಂಟು. ಹಾಳೆಯ ಪ್ರಕಾರ ಗಳಿಕೆ ಸೊನ್ನೆ. ನನ್ನ ಕ್ವೆರಿಯ ಪ್ರಕಾರ ಶೇಕಡಾ ಇಪ್ಪತ್ತೆರಡು.

ನಾಯಕ ಸರ್ ನೋಡಿ ತಲೆ ಆಡಿಸಿದರು. “ಇದು ನಿಂದೇ ತಪ್ಪಿರ್ಬೇಕು. ಈ ಯೋಜನೆ ಎರಡು ಸಲ ಬಂದಿತ್ತು. ಎರಡು ಸಲವೂ ಸೊನ್ನೆ ಬಂತು ಹೇಳಿ ವಾಪಸ್ ಕಳ್ಸಿದ್ದು. ಈ ವರ್ಷವೂ ಅದನ್ನೇ ಕಳ್ಸಿದ್ದಾರೆ.”

ನನಗೂ ಹಾಗೆಯೇ ಅನ್ನಿಸಿತು. ಉಳಿದೆಲ್ಲ ಸರಿ ಇದ್ದು ಒಂದೇ ತಪ್ಪಿದರೆ, ತಪ್ಪು ಹೊಸದರಲ್ಲೇ ಇರಬೇಕಲ್ಲ. ಕ್ವೆರಿಯನ್ನು ಬಿಚ್ಚಿ ಮತ್ತೆ ಕಟ್ಟಿದೆ. ಕೈಯಲ್ಲಿ ಲೆಕ್ಕ ಹಾಕಿದೆ. ಪ್ರತಿ ಸಲವೂ ಇಪ್ಪತ್ತೆರಡೇ. ಹಾಗಾದರೆ ಆ ಹೆಂಗಸರು ಬರೆದುಕೊಟ್ಟ ಅಂಕಿಗಳಲ್ಲೇ ಏನಾದರೂ ಎಡವಟ್ಟಿದೆಯೋ ಎಂದು, ಸರ್ ಹತ್ತಿರ ಕೇಳಿಕೊಂಡು ಅಂಕೋಲೆಗೆ ಹೊರಟೆ.

ಸಂಘದ ಅಧ್ಯಕ್ಷೆ ಸಾವಿತ್ರಕ್ಕ. ಮೀನುಗಾರ ಹರಿಕಂತ್ರ ಸಮುದಾಯದವರು, ಐವತ್ತರ ಆಸುಪಾಸು, ಬೆಳಿಗ್ಗೆ ಪೇಟೆಯಲ್ಲಿ ಮೀನು ಮಾರಿ ಮಧ್ಯಾಹ್ನ ಸಂಘದ ಕೆಲಸ ನೋಡುವವರು. ಮೀನು ಮಾರುಕಟ್ಟೆಯ ಬಾಗಿಲಲ್ಲಿ ಕೊಡೆ ಹಿಡಿದು ನನಗಾಗಿ ಕಾಯುತ್ತಿದ್ದರು. ಆಫೀಸಿನಿಂದ ಯಾರೋ ಬರುತ್ತಾರೆಂದು ಒಳ್ಳೆಯ ಸೀರೆ ಉಟ್ಟಿದ್ದರು.

“ಮೂರನೇ ಸಲವೂ ಆಗೂದಿಲ್ಲ ಹೇಳೂಕೆ ಇಷ್ಟು ದೂರ ಬಂದ್ರ್ಯಾ ತಂಗೀ?” ಎಂದರು. ನಗುತ್ತಲೇ ಹೇಳಿದರೂ ಅವರ ದನಿಯಲ್ಲಿ ನಗು ಇರಲಿಲ್ಲ.

“ಇಲ್ಲ ಅಕ್ಕ. ನಿಮ್ಮ ಅಂಕಿ ಒಂದ್ಸಲ ನೋಡ್ಬೇಕಿತ್ತು.”

“ಅಂಕಿ ಎಂತ ನೋಡ್ತ್ರಿ. ಬನ್ನಿ, ಜಾಗ ತೋರಿಸ್ತೆ.”

ಆಟೋದಲ್ಲಿ ಹೋಗುವಾಗ ಅವರು ಹೇಳುತ್ತಾ ಬಂದರು. ಐಸು ದೂರದಿಂದ ಲಾರಿಯಲ್ಲಿ ಬರಬೇಕು. ಬರುವಷ್ಟರಲ್ಲಿ ಅರ್ಧ ನೀರಾಗಿರುತ್ತದೆ. ದೊಡ್ಡ ವ್ಯಾಪಾರಿಗಳು ಮೊದಲೇ ಎತ್ತಿಕೊಂಡು ಉಳಿದದ್ದು ಹೆಂಗಸರ ಪಾಲಿಗೆ. ಐಸಿಲ್ಲದ ದಿನ ಒಳ್ಳೆಯ ಬಂಗಡೆಯನ್ನೂ ಹೊತ್ತು ಏರುವ ಮುಂಚೆ ಕೇಳಿದ ರೇಟಿಗೆ ಕೊಡಬೇಕು. “ಮೀನು ಕೆಡ್ತದೆ ಹೇಳಿ ಗೊತ್ತಿದ್ದವ ಬೇಕಂತಲೇ ಕಾಯ್ತಾ ನಿಲ್ತಾನೆ. ಹನ್ನೊಂದು ಗಂಟೆಗೆ ಬಂದು ಎಷ್ಟಕ್ಕೆ ಕೊಡ್ತೆ ಅಂತಾನೆ. ಐಸಿದ್ರೆ ನಾ ಸಂಜೆವರೆಗೂ ಕೂತ್ಕೊಳ್ತೆ.” ಈ ವರ್ಷವೂ ಆಗದಿದ್ದರೆ ಸಂಘದ ಅರ್ಧ ಜನ ಬಿಟ್ಟುಹೋಗುವವರಿದ್ದರು. ಬರೀ ಮೀಟಿಂಗು ಮಾಡುವ ಸಂಘ ಯಾಕೆ ಎಂದು ಮನೆಗಳಲ್ಲಿ ಮಾತು ಶುರುವಾಗಿತ್ತಂತೆ.

ಜಾಗ ಕಡಲಿನಿಂದ ಸ್ವಲ್ಪ ಒಳಗೆ, ರಸ್ತೆಗೆ ತಾಗಿಕೊಂಡೇ ಇತ್ತು. ಕೆಂಪು ಕಲ್ಲಿನ ಮೋಟುಗೋಡೆ, ಎರಡು ತೆಂಗಿನ ಮರ, ಮಳೆ ನೀರು ನಿಂತ ಹುಲ್ಲು. ನಾನು ಅರ್ಜಿಯ ಪ್ರತಿ ತೆಗೆದು ಒಂದೊಂದಾಗಿ ಕೇಳಿದೆ. ಯಂತ್ರದ ಬೆಲೆ, ಕರೆಂಟಿನ ಖರ್ಚು, ಮಾರಾಟದ ಅಂದಾಜು. ಪ್ರತಿಯೊಂದಕ್ಕೂ ಅವರ ಹತ್ತಿರ ಉತ್ತರವಿತ್ತು. ಎಲ್ಲವೂ ಹೊಂದುತ್ತಿತ್ತು.

“ಜಾಗಕ್ಕೆ ಎಷ್ಟು ಕೊಟ್ರಿ ಅಕ್ಕ?”

“ಎಂತದ್ದೂ ಕೊಡ್ಲಿಲ್ಲ. ಇದು ನನ್ನ ನಾದಿನಿಯದ್ದು. ಊರ ಹೆಂಗಸ್ರಿಗೆ ಆಗ್ತದೆ ಹೇಳಿ ಬಿಟ್ಟುಕೊಟ್ಟಳು. ಕಾಗದವೂ ಆಗಿದೆ. ಅರ್ಜಿಯಲ್ಲಿ ಮೊದಲನೇ ಸಾಲು ಜಾಗದ್ದೇ ಇತ್ತಲ್ಲ, ಖಾಲಿ ಬಿಟ್ರೆ ವಾಪಸ್ ಕಳಿಸ್ತಾರೆ ಹೇಳಿ ಸೊನ್ನೆ ಬರ್ದೆವು.”

ನಾನು ಅಲ್ಲೇ ನಿಂತುಬಿಟ್ಟೆ. ಬೇರೆ ಎಲ್ಲ ಸಂಘಗಳೂ ಜಾಗ ಕೊಂಡಿದ್ದವು, ಇಲ್ಲವೇ ಮುಂಗಡ ಕೊಟ್ಟು ಬಾಡಿಗೆಗೆ ಹಿಡಿದಿದ್ದವು. ಎಲ್ಲರ ಹಾಳೆಯಲ್ಲೂ ಮೊದಲನೇ ಸಾಲಿನಲ್ಲಿ ಒಂದು ಮೊತ್ತವಿತ್ತು. ಇವರದರಲ್ಲಿ ಮಾತ್ರ ಸೊನ್ನೆ. ಆ ಹಳೆಯ ಶೀಟು ಊಹೆ ಮಾಡಲು ಹೊರಡುವ ಜಾಗದಲ್ಲೇ ಸೊನ್ನೆ ಸಿಕ್ಕಿ ಮುಗ್ಗರಿಸುತ್ತಿರಬಹುದೇ? ಸೊನ್ನೆ ರೂಪಾಯಿಯನ್ನು ಯಾವ ತಾರೀಖಿಗೆ ಹಾಕಿದರೂ ಗಳಿಕೆ ಬದಲಾಗಬಾರದು. ಆ ಸಾಲು ತೆಗೆದರೂ ಇಟ್ಟರೂ ಉತ್ತರ ಒಂದೇ ಇರಬೇಕು.

“ಎಂತ ಆಯ್ತು ತಂಗೀ?” ಸಾವಿತ್ರಕ್ಕ ನನ್ನ ತೋಳು ಹಿಡಿದರು.

“ಇನ್ನೂ ಗೊತ್ತಿಲ್ಲ ಅಕ್ಕ. ನಾನು ಈಗಲೇ ಕಾರವಾರಕ್ಕೆ ಹೋಗ್ಬೇಕು.”

ಅವರು ಊಟ ಮಾಡಿಸದೆ ಬಿಡುವುದಿಲ್ಲವೆಂದರು. ನಾನು ನಿಲ್ಲಲಿಲ್ಲ. ಬಸ್ಸಿನಲ್ಲಿ ಕಿಟಕಿ ಸೋರಿ ಒಂದು ಬದಿ ಪೂರ್ತಿ ಒದ್ದೆಯಾಯಿತು. ಇಳಿಯುವಾಗಲೇ ಅದು ಗೊತ್ತಾದದ್ದು. ಆಫೀಸು ಮುಚ್ಚಲು ಇನ್ನೂ ಸ್ವಲ್ಪ ಹೊತ್ತಿತ್ತು. ಒದ್ದೆ ಬಟ್ಟೆಯಲ್ಲೇ ಕೂತು ಐಸ್ ಪ್ಲಾಂಟಿನ ಹಾಳೆ ತೆರೆದೆ. ಮೌಸನ್ನು ಮೊದಲನೇ ಸಾಲಿಗೆ ಒಯ್ದೆ. ಆ ಸಾಲನ್ನು ಅಳಿಸಿದೆ.

ಕೆಳಗಿನ ಸೊನ್ನೆ ಮಾಯವಾಗಿ ಇಪ್ಪತ್ತೆರಡು ಬಂತು.

ನಾಯಕ ಸರ್ ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಟಿದ್ದರು. ಕರೆದು ಕೂರಿಸಿದೆ. ಸಾಲನ್ನು ಮತ್ತೆ ಹಾಕಿದೆ, ಸೊನ್ನೆ. ತೆಗೆದೆ, ಇಪ್ಪತ್ತೆರಡು. ಅವರು ಮೌಸನ್ನು ನನ್ನ ಕೈಯಿಂದ ತೆಗೆದುಕೊಂಡು ತಾವೇ ಮಾಡಿ ನೋಡಿದರು. ಆಮೇಲೆ ಎಣ್ಣೆ ಗಾಣದ ಹಾಳೆ ತೆರೆದು ಅದರ ಮೊದಲ ಸಾಲಿನ ಮೇಲೆ ಒಂದು ಸೊನ್ನೆಯ ಸಾಲು ಸೇರಿಸಿದರು. ನಮ್ಮ ಒಕ್ಕೂಟದ ಹೆಮ್ಮೆಯ ಎಣ್ಣೆ ಗಾಣದ ಗಳಿಕೆಯೂ ಸೊನ್ನೆಯಾಯಿತು. ಅವರು ಬ್ಯಾಗನ್ನು ಹೆಗಲಿಂದ ಇಳಿಸಿದರು.

“ಎರಡು ಸಲವೂ ವಾಪಸ್ ಪತ್ರಕ್ಕೆ ಸಹಿ ಹಾಕಿದ್ದು ನಾನೇ” ಎಂದರು. “ಕಮಿಟಿಯಲ್ಲಿ ಇದನ್ನ ನಾನೇ ಹೇಳ್ತೆ. ನೀ ಪಕ್ಕದಲ್ಲಿ ಇರು.”

ಅಷ್ಟು ಹೆದರುವ ಮನುಷ್ಯ ಕಮಿಟಿಯ ಮುಂದೆ ಎದ್ದು ನಿಂತದ್ದು ನನಗಿನ್ನೂ ಕಣ್ಣಿಗೆ ಕಟ್ಟಿದೆ. ಉದ್ದ ಮೇಜು, ಸುತ್ತ ಹಿರಿಯ ಸದಸ್ಯರು, ಬಾಗಿಲ ಬಳಿ ಕರೆಸಿದ ಸಂಘಗಳವರು. ಸಾವಿತ್ರಕ್ಕ ಇನ್ನಿಬ್ಬರು ಹೆಂಗಸರ ಜತೆ ಕೊನೆಯ ಬೆಂಚಿನಲ್ಲಿ ಕೂತಿದ್ದರು. ಸರ್ ವಿಷಯ ಹೇಳಿದಾಗ ಒಬ್ಬ ಸದಸ್ಯರು ಕನ್ನಡಕ ಮೇಲಕ್ಕೆ ಸರಿಸಿದರು.

“ಎರಡು ವರ್ಷ ನಡಿಯೂದಿಲ್ಲ ಹೇಳಿದ್ದು ಈಗ ಹೆಂಗೆ ನಡೀತದೆ ನಾಯಕ್ರೇ? ಹೊಸ ಹುಡುಗಿ ಹೊಸ ಲೆಕ್ಕ ಮಾಡಿದ್ಲು ಹೇಳಿ ನಾವು ದುಡ್ಡು ಕೊಡೂದಾ?”

“ಹೊಸ ಲೆಕ್ಕ ಅಲ್ಲ, ಅದೇ ಲೆಕ್ಕ. ನೋಡಿ” ಎಂದು ಸರ್ ಪ್ರೊಜೆಕ್ಟರಿನಲ್ಲಿ ಹಾಳೆ ತೋರಿಸಿದರು. ಸಾಲು ಇಟ್ಟರು, ತೆಗೆದರು. ಗೋಡೆಯ ಮೇಲೆ ಅಂಕಿ ಬದಲಾಯಿತು. ಇನ್ನೊಮ್ಮೆ ಎಂದರು ಕಮಿಟಿಯ ಅಧ್ಯಕ್ಷರು. ಇನ್ನೊಮ್ಮೆ ಮಾಡಿದರು. ಆಮೇಲೆ ನನ್ನ ಕ್ವೆರಿ ಓಡಿತು. ಸೊನ್ನೆಯ ಸಾಲು ಇದ್ದರೂ ಇಲ್ಲದಿದ್ದರೂ ಅದೇ ಉತ್ತರ.

“ಹಾಗಾದ್ರೆ ಇದೇ ತಪ್ಪಿನಿಂದ ಆಗಬಾರದ ಯೋಜನೆ ಯಾವುದಾದ್ರೂ ಪಾಸಾಗಿರಬಹುದಲ್ಲ?” ಅದೇ ಸದಸ್ಯರು ಕೇಳಿದರು. ಒಳ್ಳೆಯ ಪ್ರಶ್ನೆ. ನಾನದನ್ನು ಮೊದಲೇ ನೋಡಿಟ್ಟಿದ್ದೆ. ಎದ್ದು ಹೇಳಿದೆ: “ಇಲ್ಲ ಸರ್. ಈ ತಪ್ಪು, ಉತ್ತರವನ್ನು ಸೊನ್ನೆಗೆ ಇಳಿಸ್ತದೆ ಅಷ್ಟೇ. ಯಾರನ್ನೂ ಮೇಲೆ ಎತ್ತೂದಿಲ್ಲ. ಹೋದ ವರ್ಷ ಪಾಸಾದ ಎಲ್ಲವನ್ನೂ ತಾಳೆ ನೋಡಿದ್ದೇನೆ.”

ಅಧ್ಯಕ್ಷರು ಸಾವಿತ್ರಕ್ಕನ ಕಡೆ ತಿರುಗಿದರು. “ನಿಮಗೆ ಹೇಳೂದು ಎಂತಾದ್ರೂ ಇದ್ಯಾ?”

ಸಾವಿತ್ರಕ್ಕ ಎದ್ದು ಸೆರಗು ಸರಿಮಾಡಿಕೊಂಡರು. “ಜಾಗಕ್ಕೆ ದುಡ್ಡು ಕೊಟ್ಟಿದ್ರೆ ನಮ್ದು ಮೊದಲ ವರ್ಷವೇ ಪಾಸ್ ಆಗ್ತಿತ್ತು, ಅಲ್ವಾ? ಪುಕ್ಕಟೆ ಸಿಕ್ಕಿದ್ದಕ್ಕೆ ಸೊನ್ನೆ ಬಂತು. ನಾದಿನಿಗೆ ಇದನ್ನ ಹೆಂಗೆ ಹೇಳೂದು ಗೊತ್ತಾಗ್ತಿಲ್ಲ.”

ಮೇಜಿನ ಸುತ್ತ ನಗು ಎದ್ದಿತು. ಕನ್ನಡಕದ ಸದಸ್ಯರೂ ನಕ್ಕರು. ಆ ನಗುವಿನ ನಡುವೆಯೇ ಮಂಜೂರಿ ಆಯಿತು. ಮುಂದಿನ ಮಳೆಗಾಲಕ್ಕೆ ಮುಂಚೆ ಆ ತೆಂಗಿನ ಮರಗಳ ನಡುವೆ ಯಂತ್ರ ಬಂದು ಕೂತಿತು. ಈಗ ಅಕ್ಕಪಕ್ಕದ ಹೆಂಗಸರೂ ಅಲ್ಲಿಂದಲೇ ಐಸು ಒಯ್ಯುತ್ತಾರೆ.

ಆದರೆ ಆ ದಿನ ಅಲ್ಲಿಗೇ ಮುಗಿಯಲಿಲ್ಲ. ಸಭೆಯಿಂದ ಹೊರಗೆ ಬಂದು ವರಾಂಡದಲ್ಲಿ ನಿಂತಾಗ, ಜತೆಯ ಹೆಂಗಸರು ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಕೊಂಕಣಿಯಲ್ಲಿ ಒಂದೇ ಸಮನೆ ಮಾತಾಡುತ್ತಿದ್ದರು. ಸಾವಿತ್ರಕ್ಕ ಮಾತ್ರ ಏನೋ ಯೋಚಿಸುತ್ತಾ ನನ್ನ ಹತ್ತಿರ ಬಂದರು.

“ತಂಗೀ, ಜಾಗ ಪುಕ್ಕಟೆ ಕೊಡುವವ್ರು ನಮ್ಮೂರಲ್ಲಿ ಮಾತ್ರ ಇರೂದಿಲ್ಲಲ್ಲ. ಹೋದ ವರ್ಷಕ್ಕೂ ಹಿಂದಿನದ್ದೆಲ್ಲಾ ನೋಡಿದ್ರ್ಯಾ?”

ನೋಡಿರಲಿಲ್ಲ. ಅಷ್ಟು ಹಿಂದಿನವು ಡೇಟಾಬೇಸಿಗೆ ಇನ್ನೂ ಹೋಗಿರಲಿಲ್ಲ. ನಾಯಕ ಸರ್ ಅದನ್ನು ಕೇಳಿಸಿಕೊಂಡರು. ಊಟಕ್ಕೂ ಹೋಗದೆ, ಹಳೆಯ ಹಾಳೆಗಳಿದ್ದ ಕೆಳಗಿನ ಕೋಣೆಯ ಕಂಪ್ಯೂಟರನ್ನು ತಾವೇ ಎತ್ತಿಕೊಂಡು ಮೇಲೆ ಬಂದರು. ಅವತ್ತು ಮಧ್ಯಾಹ್ನವೇ ನಾವಿಬ್ಬರೂ ಕೂತು ವಾಪಸ್ ಹೋದ ಯೋಜನೆಗಳನ್ನೆಲ್ಲ ತುಂಬಿಸಿದೆವು. ಅವರು ಓದಿ ಹೇಳುವುದು, ನಾನು ಟೈಪು ಮಾಡುವುದು. ಹೊರಗೆ ಮಳೆ ಸುರಿಯುತ್ತಿತ್ತು. ಬಂದರಿನ ಕಡೆಯಿಂದ ಬೋಟುಗಳ ಇಂಜಿನ್ನು ಶುರುಮಾಡಿ ನೋಡುವ ಸದ್ದು ಕೇಳುತ್ತಿತ್ತು. ಇನ್ನೆರಡು ದಿನಕ್ಕೆ ಸಮುದ್ರ ತೆರೆಯುವುದಿತ್ತು. ಕ್ವೆರಿ ಓಡಿಸಿದೆ. ಇನ್ನೊಂದು ಸಿಕ್ಕಿತು. ಗಂಗಾವಳಿ ಹೊಳೆಯಾಚೆಯ ಒಂದು ಸಂಘ, ಸಿಗಡಿ ಒಣಗಿಸುವ ಶೆಡ್ಡು, ಜಾಗ ದಾನ.

ಸರ್ ಫೋನನ್ನು ನನ್ನ ಕಡೆ ಸರಿಸಿದರು. “ನೀನೇ ಮಾಡು.”

ಆ ಕಡೆ ಎತ್ತಿದವರು ವಯಸ್ಸಾದವರು. ನಾನು ಯಾರು, ಎಲ್ಲಿಂದ ಎಂದು ಹೇಳಿದೆ. ಹಿಂದೆ ನಾವು ಬೇಡವೆಂದದ್ದು ನಮ್ಮ ಲೆಕ್ಕದ ತಪ್ಪಿನಿಂದ ಎಂದೆ. ನಿಮ್ಮ ಯೋಜನೆ ಚೆನ್ನಾಗಿಯೇ ನಡೆಯುವಂಥದ್ದು, ಮನಸ್ಸಿದ್ದರೆ ಅರ್ಜಿಯನ್ನು ಇನ್ನೊಮ್ಮೆ ಕೊಡಿ ಎಂದೆ. ಫೋನಿನಲ್ಲಿ ಹಂಚಿನ ಮೇಲೆ ಮಳೆ ಬೀಳುವ ಸದ್ದೂ ಕೇಳುತ್ತಿತ್ತು.

“ಸ್ವಲ್ಪ ನಿಲ್ಲಿ” ಎಂದರು ಅವರು. ಕುರ್ಚಿ ಸರಿದ ಸದ್ದು, ಯಾರನ್ನೋ ಹೆಸರು ಹಿಡಿದು ಕರೆದದ್ದು, ಹಲವು ಕಾಲುಗಳು ಹತ್ತಿರ ಬಂದದ್ದು ಕೇಳಿಸಿತು. “ಫೋನು ಸ್ಪೀಕರಿಗೆ ಹಾಕಿದೆ. ಈಗ ಹೇಳಿದ್ದನ್ನೇ ಇನ್ನೊಂದು ಸಲ ಹೇಳಿ. ಸಾವಕಾಶ ಹೇಳಿ, ಎಲ್ರಿಗೂ ಕೇಳ್ಬೇಕು.”

ನಾನು ಕುರ್ಚಿಯಿಂದ ಎದ್ದು ನಿಂತು, ಮೊದಲಿನಿಂದ ಹೇಳಲು ಶುರುಮಾಡಿದೆ.